ಶಿಬಿರದಲ್ಲಿ ‘ರಕ್ತ ಕಡಿಮೆ’ ಎಂದರು, ಲ್ಯಾಬ್‌ನಲ್ಲಿ 12.8 ಬಂತು: ಯಾವುದನ್ನು ನಂಬಲಿ?

ಪ್ರಶ್ನೆ: ನಾನು 34 ವರ್ಷದ ಹೆಂಗಸು, ತೂಕ 58 ಕೆ.ಜಿ. ರಕ್ತದಾನ ಶಿಬಿರದಲ್ಲಿ ಬೆರಳು ಚುಚ್ಚಿ ನೋಡಿ, ‘ರಕ್ತ ಕಡಿಮೆ ಇದೆ, ನೀವು ಕೊಡೋ ಹಾಗಿಲ್ಲ’ ಎಂದು ವಾಪಸ್ ಕಳಿಸಿದರು. ಗಾಬರಿಯಾಗಿ ನಾಲ್ಕು ದಿನ ಬಿಟ್ಟು ಲ್ಯಾಬ್‌ಗೆ ಹೋದರೆ ಹಿಮೋಗ್ಲೋಬಿನ್ 12.8 ಬಂತು. ನನಗೆ ರಕ್ತಹೀನತೆ ಇದೆಯೇ, ಇಲ್ಲವೇ?

ಉತ್ತರ: 12.8 (100 ಮಿ.ಲೀ. ರಕ್ತದಲ್ಲಿ ಅಷ್ಟು ಗ್ರಾಂ) ಅಂದರೆ ಹೆಣ್ಣುಮಕ್ಕಳಿಗೆ ರಕ್ತಹೀನತೆಯಲ್ಲ. ತೋಳಿನ ರಕ್ತನಾಳದಿಂದ ತೆಗೆದು ಯಂತ್ರದಲ್ಲಿ ಅಳೆದಿದ್ದರೆ ಲ್ಯಾಬಿನ ಅಂಕಿಯನ್ನೇ ನಂಬಿ. ಹಾಗೆಂದು ಶಿಬಿರದವರು ಕಳಿಸಿದ್ದು ತಪ್ಪೆಂದೂ ಅಲ್ಲ. ಅಲ್ಲಿ ಏನು ನಡೆಯುತ್ತದೆ ಎಂದು ಗೊತ್ತಾದರೆ ಇದು ಅರ್ಥವಾಗುತ್ತದೆ.

ಅನೇಕ ಶಿಬಿರಗಳಲ್ಲಿ ಮೇಜಿನ ಮೇಲೆ ನೀಲಿ ದ್ರಾವಣದ ಸೀಸೆ ಇರುತ್ತದೆ. ಅದು ಕಾಪರ್ ಸಲ್ಫೇಟ್, ಅಂದರೆ ನಮ್ಮ ಮೈಲುತುತ್ತ. ಅದರ ಸಾಪೇಕ್ಷ ಸಾಂದ್ರತೆಯನ್ನು (ಅಂದರೆ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದನ್ನು) 1.053ಕ್ಕೆ ಹೊಂದಿಸಿರುತ್ತಾರೆ. ಸುಮಾರು ಒಂದು ಸೆಂಟಿಮೀಟರ್ ಎತ್ತರದಿಂದ ಬಿಟ್ಟ ರಕ್ತದ ಹನಿ 15 ಸೆಕೆಂಡಿನೊಳಗೆ ಮುಳುಗಿದರೆ ಹಿಮೋಗ್ಲೋಬಿನ್ 12.5 ಅಥವಾ ಹೆಚ್ಚು ಎಂದು ಲೆಕ್ಕ. ತೇಲಿದರೆ ಕಡಿಮೆ. ಈ ವಿಧಾನ ಅಂಕಿ ಹೇಳುವುದಿಲ್ಲ, ಪಾಸು–ಫೇಲು ಮಾತ್ರ ಹೇಳುತ್ತದೆ. ನಿಮ್ಮಂತೆ ಗೆರೆಯ ಅಂಚಿನಲ್ಲಿರುವವರು ಎಡವುವುದು ಇಲ್ಲೇ.

ರಕ್ತ ಬರುತ್ತಿಲ್ಲವೆಂದು ಬೆರಳನ್ನು ಹಿಂಡಿದರೆ ಅಂಗಾಂಶದ ನೀರೂ ಸೇರಿ ರಕ್ತ ತೆಳುವಾಗುತ್ತದೆ, ಹನಿ ತೇಲುತ್ತದೆ. ಹನಿಯೊಳಗೆ ಗಾಳಿಗುಳ್ಳೆ ಸೇರಿದರೂ ಅಷ್ಟೇ. ಸೀಸೆಯನ್ನು ಫ್ಯಾನಿನ ಕೆಳಗೆ ಮುಚ್ಚಳವಿಲ್ಲದೆ ಇಟ್ಟರೆ ನೀರು ಆರಿ ದ್ರಾವಣ ಗಟ್ಟಿಯಾಗುತ್ತದೆ. ಆಗ ಒಳ್ಳೆಯ ರಕ್ತವೂ ಮುಳುಗುವುದಿಲ್ಲ. 30 ಮಿ.ಲೀ. ದ್ರಾವಣದಲ್ಲಿ ಸುಮಾರು 25 ಜನರನ್ನು ಪರೀಕ್ಷಿಸಿದ ಮೇಲೆ ಅದನ್ನು ಚೆಲ್ಲಿ ಹೊಸದು ಹಾಕಬೇಕು. ಜನಜಂಗುಳಿಯಲ್ಲಿ ಇದನ್ನು ಮರೆಯುವುದು ಸುಲಭ.

ಇನ್ನು 12.5ರ ವಿಷಯ. ಅದು ದಾನಕ್ಕೆ ಹಾಕಿದ ಗೆರೆ, ಕಾಯಿಲೆಗೆ ಹಾಕಿದ್ದಲ್ಲ. ನಮ್ಮ ದೇಶದಲ್ಲಿ ಗಂಡಸರಿಗೂ ಹೆಂಗಸರಿಗೂ ಅದೊಂದೇ. ವಿಶ್ವ ಆರೋಗ್ಯ ಸಂಸ್ಥೆ ರಕ್ತಹೀನತೆ ಎನ್ನುವುದು ಗರ್ಭಿಣಿಯರಲ್ಲದ ಹೆಂಗಸರಲ್ಲಿ 12ಕ್ಕಿಂತ, ಗಂಡಸರಲ್ಲಿ 13ಕ್ಕಿಂತ ಕಡಿಮೆಯಾದಾಗ. ಹಾಗಾಗಿ 12.2 ಇರುವ ಆರೋಗ್ಯವಂತ ಹೆಂಗಸನ್ನು ಶಿಬಿರದಿಂದ ವಾಪಸ್ ಕಳಿಸುತ್ತಾರೆ, 12.7 ಇರುವ ಗಂಡಸಿಗೆ ರಕ್ತಹೀನತೆ ಇದ್ದರೂ ಅವನು ಮಂಚ ಹತ್ತಿ ಕೊಟ್ಟು ಬರುತ್ತಾನೆ! ಗಂಡಸರಲ್ಲಿ ಹಿಮೋಗ್ಲೋಬಿನ್ ಇಳಿದರೆ ಮೂಲವ್ಯಾಧಿ, ಹೊಟ್ಟೆಹುಣ್ಣಿನಂಥ ಕಡೆ ರಕ್ತ ಸೋರುತ್ತಿದೆಯೇ ಎಂದು ನೋಡಲೇಬೇಕು. ಬರೀ ಟಾನಿಕ್ ಕುಡಿದು ಸುಮ್ಮನಾಗುವಂತಿಲ್ಲ.

ಗೆರೆಯನ್ನು ಅಷ್ಟು ಮೇಲೆ ಎಳೆದದ್ದಕ್ಕೆ ಕಾರಣವಿದೆ. ಒಂದು ಗ್ರಾಂ ಹಿಮೋಗ್ಲೋಬಿನ್‌ನಲ್ಲಿ 3.4 ಮಿ.ಗ್ರಾಂ ಕಬ್ಬಿಣವಿದೆ. 350 ಮಿ.ಲೀ. ರಕ್ತ ಕೊಟ್ಟರೆ ಸುಮಾರು 150 ಮಿ.ಗ್ರಾಂ ಹೊರಹೋಗುತ್ತದೆ. ಊಟದಿಂದ ಮೈಗೆ ಹತ್ತುವುದು ದಿನಕ್ಕೆ ಒಂದೆರಡು ಮಿ.ಗ್ರಾಂ, ಅದರಲ್ಲೂ ಬಹುಪಾಲು ದಿನದ ಸವಕಳಿಗೇ ಹೋಗುತ್ತದೆ. ತಿಂಗಳ ಮುಟ್ಟಿನಲ್ಲಿ ಹೋಗುವುದು ಬೇರೆ. ಅದಕ್ಕೇ ಎರಡು ದಾನಗಳ ನಡುವೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಬಿಡುವು.

ನಿಮಗೆ ಈಗ ಔಷಧಿ ಬೇಕೆಂದಿಲ್ಲ. ಆದರೆ ಮುಟ್ಟಿನಲ್ಲಿ ಸ್ರಾವ ಹೆಚ್ಚು, ಸುಸ್ತು, ಕೂದಲು ಉದುರುವುದು ಇದ್ದರೆ ವೈದ್ಯರನ್ನು ಕೇಳಿ, ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಸರಿಯಿದ್ದೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗಬೇಡಿ. ಕಾಫಿ–ಟೀ ಒಂದು ಗಂಟೆ ದೂರವಿರಲಿ. ಮಲ ಕಪ್ಪಗಾದರೆ ಹೆದರಬೇಡಿ. ಬೀಟ್‌ರೂಟಿನ ಕೆಂಪು ಬರೀ ಬಣ್ಣ, ಅದರಲ್ಲಿ ಕಬ್ಬಿಣ ಕಡಿಮೆ. ಸೊಪ್ಪಿನ ಪಲ್ಯ, ಹುರುಳಿ ಸಾರಿಗೆ ನಿಂಬೆ ಹಿಂಡಿಕೊಂಡರೆ ಅದಕ್ಕಿಂತ ಹೆಚ್ಚು ಉಪಯೋಗ.

ಮುಂದಿನ ಶಿಬಿರಕ್ಕೆ ಧಾರಾಳವಾಗಿ ಹೋಗಿ. 120 ದಿನದ ಲೆಕ್ಕ ರಕ್ತ ಕೊಟ್ಟವರಿಗೆ ಮಾತ್ರ, ನಿಮಗಲ್ಲ. ಮುಟ್ಟಿನ ದಿನಗಳಾಗಿದ್ದರೆ ಮುಂದೂಡಿ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ತಿಂಡಿ ತಿಂದು ನಾಲ್ಕು ಗಂಟೆಯೊಳಗೆ ಹೋಗಿ, ಹೊರಡುವ ಮೊದಲು ಎರಡು ಲೋಟ ನೀರು ಕುಡಿಯಿರಿ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ, ಹಿಂಡದೆಯೇ ರಕ್ತ ಬರುತ್ತದೆ. ಮೊದಲ ಹನಿ ಒರೆಸಿ ಎರಡನೆಯದನ್ನು ತೆಗೆದುಕೊಳ್ಳಲು ಹೇಳಿ. ಮತ್ತೆ ತೇಲಿದರೆ, ‘ಹಿಮೋಗ್ಲೋಬಿನ್ ಮೀಟರ್‌ನಲ್ಲಿ ಒಮ್ಮೆ ನೋಡ್ತೀರಾ?’ ಎಂದು ಕೇಳಿ. ಬಂದ ಅಂಕಿಯನ್ನು ಬರೆಸಿಕೊಂಡು ಬನ್ನಿ.