ವಾಪಸ್ ಹೋಗುವ ಪಾರ್ಸೆಲ್‌ನ ಹೊಗೆ ಯಾರ ಲೆಕ್ಕಕ್ಕೆ?

ಆನ್‌ಲೈನ್‌ನಲ್ಲಿ ತರಿಸಿದರೆ ಪರಿಸರಕ್ಕೆ ಕೆಟ್ಟದ್ದು, ನಾವೇ ಅಂಗಡಿಗೆ ಹೋಗಿ ತಂದರೆ ಒಳ್ಳೆಯದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಅಷ್ಟು ಸರಳವಾಗಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ನಮ್ಮ ದಾವಣಗೆರೆಯ ನಿಟ್ಟುವಳ್ಳಿಯಿಂದ ಪೇಟೆಗೆ ಬೈಕಿನಲ್ಲಿ ಹೋಗಿ ಒಂದು ಮೊಬೈಲ್ ಚಾರ್ಜರ್ ತಂದಿರಿ, ಹೋಗಿಬರಲು ಆರು ಕಿಲೋಮೀಟರ್ ಆಯಿತು ಎಂದಿಟ್ಟುಕೊಳ್ಳಿ. ಲೀಟರಿಗೆ 50 ಕಿಲೋಮೀಟರ್ ಕೊಡುವ ಬೈಕಾದರೂ ಆ ಒಂದು ಚಾರ್ಜರ್‌ಗೆ ಕಾಲು ಕೆಜಿಗಿಂತ ಜಾಸ್ತಿ ಹೊಗೆ. ಅದೇ ಬೈಕಿನಲ್ಲಿ ಡೆಲಿವರಿ ಹುಡುಗ 40 ಪಾರ್ಸೆಲ್ ಹೊತ್ತು 40 ಕಿಲೋಮೀಟರ್ ಸುತ್ತಿದರೆ ಒಂದೊಂದು ಪಾರ್ಸೆಲ್‌ನ ಪಾಲಿಗೆ ಬರುವುದು 50 ಗ್ರಾಮಿಗಿಂತ ಕಡಿಮೆ. ದಾರಿಯನ್ನು ಹಂಚಿಕೊಂಡರೆ ಊರಿನೊಳಗಿನ ಖರ್ಚು ಇಳಿಯುತ್ತದೆ, ಅಷ್ಟೇ ವಿಷಯ.

ಹಾಗಾದರೆ ತೊಂದರೆ ಎಲ್ಲಿದೆ? ಮನೆಗೆ ಬೀಗ ಅಂತ ಅದೇ ಪಾರ್ಸೆಲ್ ಮರುದಿನ ಮತ್ತೆ ಬರುವುದರಲ್ಲಿದೆ. ತರಿಸಿದ್ದು ಒಪ್ಪಲಿಲ್ಲ ಅಂತ ಬಂದ ದಾರಿಯಲ್ಲೇ ವಾಪಸ್ ಹೋಗುವುದರಲ್ಲಿದೆ. ಒಂದು ಬಿಸ್ಕತ್ತಿನ ಪೊಟ್ಟಣಕ್ಕೂ ಒಂದು ಗಾಡಿ ಓಡುವುದರಲ್ಲಿದೆ. ಇವು ಯಾವುವೂ ಆನ್‌ಲೈನ್ ವ್ಯಾಪಾರದ ಜೊತೆಗೇ ಹುಟ್ಟಿದ್ದಲ್ಲ. ಒಂದೊಂದು ಕಾಲದಲ್ಲಿ ಗಿರಾಕಿಯ ನಂಬಿಕೆ ಗಳಿಸಲು ಕಂಪನಿಗಳು ಒಂದೊಂದನ್ನೇ ಸೇರಿಸುತ್ತಾ ಬಂದವು. ಆ ಕಥೆ ಗೊತ್ತಾದರೆ ಯಾವುದನ್ನು ಬದಲಾಯಿಸಬಹುದು ಅನ್ನುವುದೂ ಗೊತ್ತಾಗುತ್ತದೆ ಅಂತ ನನ್ನ ನಂಬಿಕೆ.

ದೂರದಿಂದ ಸಾಮಾನು ತರಿಸುವುದು ನಮಗೇನೂ ಹೊಸತಲ್ಲ. ಅಂಚೆ ಇಲಾಖೆ ವಿ.ಪಿ.ಪಿ. ಶುರುಮಾಡಿದ್ದು 1877ರಲ್ಲಿ. ಪೋಸ್ಟ್‌ಮನ್ ಕೈಗೆ ದುಡ್ಡು ಕೊಟ್ಟು ಪಾರ್ಸೆಲ್ ಬಿಡಿಸಿಕೊಳ್ಳುವ ಪದ್ಧತಿ ಅದು. ನಾವು ಮನೆಯಲ್ಲಿ ಇಲ್ಲದಿದ್ದರೆ ಪಾರ್ಸೆಲ್ ಕೆಲವು ದಿನ ಅಂಚೆ ಕಚೇರಿಯಲ್ಲೇ ಕಾಯುತ್ತಿತ್ತು. ಆ ಕಡೆ ಹೋದಾಗ ನಾವೇ ತಂದುಕೊಳ್ಳುತ್ತಿದ್ದೆವು.

ದಾವಣಗೆರೆಯ ಬಟ್ಟೆ ವ್ಯಾಪಾರ ನಡೆದು ಬಂದಿದ್ದೂ ಹೀಗೇ. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ಇದು. ಗಿರಣಿಗಳು ಮುಚ್ಚಿದವು, ಬಟ್ಟೆ ವ್ಯಾಪಾರ ನಿಲ್ಲಲಿಲ್ಲ. ಹೊರಗಿನಿಂದ ಬಂದ ಬೇಲುಗಳು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಇಳಿಯುತ್ತವೆ, ಅಂಗಡಿಯವರು ಎಲ್.ಆರ್. (ಲಾರಿ ರಸೀದಿ) ತೋರಿಸಿ, ಹಮಾಲರಿಂದ ಗಾಡಿಗೆ ಹೇರಿಸಿಕೊಂಡು ಹೋಗುತ್ತಾರೆ. ಲಾರಿ ಪ್ರತಿ ಅಂಗಡಿಯ ಮುಂದೆ ನಿಲ್ಲುವುದಿಲ್ಲ, ಒಂದು ಕಡೆ ಇಳಿಸಿ ಮುಂದೆ ಹೋಗುತ್ತದೆ. ಇವತ್ತು ಪಿಕಪ್ ಪಾಯಿಂಟ್ ಅಂತ ದೊಡ್ಡ ಹೆಸರಿನಲ್ಲಿ ಮಾತಾಡುವುದು ಇದನ್ನೇ ಅಲ್ವಾ?

ರಿಟರ್ನ್ ಕೂಡ ಇತ್ತು. ಪರಿಚಯದ ಬಟ್ಟೆ ಅಂಗಡಿಯವರು ನಾಲ್ಕಾರು ಸೀರೆ ಕಟ್ಟಿ ಮನೆಗೆ ಕೊಡುತ್ತಿದ್ದರು. ಅಮ್ಮ, ಅತ್ತಿಗೆ, ಪಕ್ಕದ ಮನೆಯವರು ಎಲ್ಲ ನೋಡಿ, ಒಪ್ಪಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ವಾಪಸ್ ಕೊಡುತ್ತಿದ್ದರು. ಆದರೆ ಆ ಸೀರೆ ಹೋಗಿದ್ದು ಎರಡು ರಸ್ತೆ ಆಚೆಗೆ. ಮರುದಿನ ಅದೇ ಗಾದಿಯ ಮೇಲೆ ಮತ್ತೊಬ್ಬರ ಮುಂದೆ ಬಿಚ್ಚಿಕೊಳ್ಳುತ್ತಿತ್ತು.

ಸಚಿನ್ ಬನ್ಸಾಲ್ ಮತ್ತು ಬಿನ್ನಿ ಬನ್ಸಾಲ್ 2007ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಫ್ಲಿಪ್‌ಕಾರ್ಟ್ ಶುರುಮಾಡಿದಾಗ ಮಾರುತ್ತಿದ್ದುದು ಪುಸ್ತಕ. ಪುಸ್ತಕಕ್ಕೆ ಸೈಜ್ ಇಲ್ಲ, ಬಣ್ಣದ ಜಗಳ ಇಲ್ಲ. ಏನು ಕೇಳಿದ್ದೀರೋ ಅದೇ ಬರುತ್ತದೆ. ವಾಪಸ್ ಕಳಿಸುವ ಪ್ರಮೇಯ ಕಡಿಮೆ. ಆದರೆ ಕಾರ್ಡ್ ಇದ್ದವರು ಆಗ ಕೆಲವೇ ಜನ, ಕಾರ್ಡ್ ಇದ್ದವರಿಗೂ ಮೊದಲೇ ದುಡ್ಡು ಕೊಡಲು ಭಯ. ಅದಕ್ಕೆ 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ಬಂತು. ನಮ್ಮಂಥ ಊರುಗಳಿಗೆ ಆನ್‌ಲೈನ್ ಬಾಗಿಲು ತೆರೆದದ್ದೇ ಅದು, ಇಲ್ಲದಿದ್ದರೆ ಇಲ್ಲಿನವರು ಅಷ್ಟು ಬೇಗ ನಂಬುತ್ತಿರಲಿಲ್ಲ. ಜೊತೆಗೆ ಇನ್ನೊಂದು ಬಾಗಿಲೂ ತೆರೆಯಿತು. ದುಡ್ಡು ಕೊಟ್ಟಿಲ್ಲ ಅಂದಮೇಲೆ ಬೇಡ ಅನ್ನಲು ಖರ್ಚೇ ಇಲ್ಲ. ಆರ್ಡರ್ ಮಾಡಿ, ಎರಡು ದಿನ ಬಿಟ್ಟು ಮನಸ್ಸು ಬದಲಾಯಿಸಿ, ಬಾಗಿಲಿಗೆ ಬಂದ ಹುಡುಗನಿಗೆ ಬೇಡ ಅಂದರೆ ಮುಗಿಯಿತು. ಯಾರೂ ಬಿಚ್ಚಿಯೂ ನೋಡದ ಪಾರ್ಸೆಲ್ ಮಾರಾಟಗಾರನ ಊರಿಗೆ ಹೊರಡುತ್ತದೆ.

ಮುಂದಿನದ್ದು ವೇಗವಾಗಿ ನಡೆಯಿತು. 2013ರ ಜೂನ್‌ನಲ್ಲಿ ಅಮೆಜಾನ್ ಬಂತು. 2014ರಲ್ಲಿ ಫ್ಲಿಪ್‌ಕಾರ್ಟ್ ಬಟ್ಟೆ ಮಾರುವ ಮಿಂತ್ರಾವನ್ನು ಕೊಂಡುಕೊಂಡಿತು, ಅದೇ ವರ್ಷ ಅಕ್ಟೋಬರ್ 6ರಂದು ಬಿಗ್ ಬಿಲಿಯನ್ ಡೇ ಅನ್ನುವ ಮೊದಲ ದೊಡ್ಡ ರಿಯಾಯಿತಿ ಮಾರಾಟ ನಡೆಸಿತು. 2016ರಲ್ಲಿ ಚಂದಾ ಕಟ್ಟಿದವರಿಗೆ ಬೇಗ ಮುಟ್ಟಿಸುವ ಅಮೆಜಾನ್ ಪ್ರೈಮ್ ಬಂದ ಮೇಲೆ ಬೇಗ ಬರುವುದೇ ಸೇವೆಯ ಗುಣಮಟ್ಟ ಅನ್ನುವಂತಾಯಿತು. ಅದೇ ವರ್ಷ ಜಿಯೋ ಬಂದು ಎಲ್ಲರ ಕೈಗೂ ಡೇಟಾ ಸಿಕ್ಕಿತು. 2015ರಲ್ಲಿ ಹುಟ್ಟಿದ ಮೀಶೋದಂಥ ಆಪ್‌ಗಳು ಮುನ್ನೂರು ರೂಪಾಯಿಯ ಕುರ್ತಿಯನ್ನೂ ಮನೆಗೆ ಮುಟ್ಟಿಸಿದವು. ಈಗ ಮಾರುವ ಸಾಮಾನಿನಲ್ಲಿ ಬಟ್ಟೆ, ಚಪ್ಪಲಿ ಜಾಸ್ತಿ. ವಾಪಸ್ ಹೋಗುವುದರಲ್ಲೂ ಇವೇ ಮುಂದೆ.

ಬಟ್ಟೆ ಯಾಕೆ ಇಷ್ಟು ವಾಪಸ್ ಹೋಗುತ್ತದೆ? ಮುಖ್ಯ ಕಾರಣ ಅಳತೆ. ಒಂದು ಬ್ರ್ಯಾಂಡಿನ ಎಂ ಇನ್ನೊಂದರ ಎಲ್. ನಮ್ಮ ದೇಶದ ಜನರ ಮೈಕಟ್ಟಿಗೆ ಸ್ವಂತ ಅಳತೆಪಟ್ಟಿಯೇ ಇರಲಿಲ್ಲ, ಅಮೆರಿಕ, ಬ್ರಿಟನ್ನಿನ ಪಟ್ಟಿಗಳನ್ನು ಅಷ್ಟಿಷ್ಟು ತಿದ್ದಿ ಹೊಲಿಯುತ್ತಿದ್ದರು. ಅದಕ್ಕೇ ಫ್ಯಾಷನ್ ಕಲಿಸುವ ನಿಫ್ಟ್ ಸಂಸ್ಥೆ ಇಂಡಿಯಾಸೈಜ್ ಹೆಸರಿನಲ್ಲಿ ಬೇರೆ ಬೇರೆ ಊರುಗಳಲ್ಲಿ 25,000 ಜನರ ಮೈಯಳತೆ ತೆಗೆಯುವ ಯೋಜನೆ ಕೈಗೆತ್ತಿಕೊಂಡಿತು. ಪರಿಸರದ ಕೆಲಸ ಅಂತ ಯಾರೂ ಇದನ್ನು ಕರೆಯುವುದಿಲ್ಲ. ನನ್ನ ಕಣ್ಣಿಗೆ ಇದು ಪಕ್ಕಾ ಪರಿಸರದ ಕೆಲಸ. ಸರಿಯಾದ ಅಳತೆ ಇದ್ದರೆ ಮೂರು ಸೈಜ್ ತರಿಸಿ ಎರಡನ್ನು ವಾಪಸ್ ಕಳಿಸುವ ಚಾಳಿ ತಾನಾಗಿ ಕಡಿಮೆಯಾಗುತ್ತದೆ.

ವಾಪಸ್ ಹೋಗುವ ದಾರಿ ಎಷ್ಟು ಉದ್ದ ಅನ್ನುವುದನ್ನೂ ನೋಡಬೇಕು. ಸೂರತ್, ಮುಂಬೈ, ಪುಣೆ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ಬೆಂಗಳೂರು ಎಲ್ಲವೂ ಒಂದೇ ರಾಷ್ಟ್ರೀಯ ಹೆದ್ದಾರಿ 48ರ ಮೇಲಿವೆ. ಸೂರತ್ತಿನಿಂದ ಇಲ್ಲಿಗೆ ಸುಮಾರು ಸಾವಿರ ಕಿಲೋಮೀಟರ್. ಅಲ್ಲಿನ ಸೀರೆ ಹೊತ್ತ ಲಾರಿ ನಮ್ಮೂರ ಪಕ್ಕದಲ್ಲೇ ಹಾದು, 260 ಕಿಲೋಮೀಟರ್ ಮುಂದೆ ಬೆಂಗಳೂರಿನ ಗೋದಾಮಿಗೆ ಹೋಗಿ, ಅಲ್ಲಿ ವಿಂಗಡಣೆಯಾಗಿ ಮತ್ತೆ ಇಲ್ಲಿಗೆ ಬರುವುದುಂಟು. ಒಪ್ಪಲಿಲ್ಲ ಅಂದರೆ ಇಷ್ಟೂ ಉಲ್ಟಾ. ಅಲ್ಲಿ ಮುಟ್ಟಿದ ಮೇಲೆ ಮಡಿಕೆ ಕೆಟ್ಟಿದ್ದರೆ, ಟ್ಯಾಗ್ ಹರಿದಿದ್ದರೆ ಹೊಸದು ಅಂತ ಮಾರುವ ಹಾಗಿಲ್ಲ, ಲಾಟಿನಲ್ಲಿ ಕಡಿಮೆ ಬೆಲೆಗೆ ಹೋಗುತ್ತದೆ. ಅಗ್ಗದ ಸಾಮಾನಾದರೆ ಪರೀಕ್ಷಿಸಿ, ಮತ್ತೆ ಪ್ಯಾಕ್ ಮಾಡುವ ಕೂಲಿಯೇ ಬೆಲೆಗಿಂತ ಜಾಸ್ತಿ ಆಗಿ ಬಿಸಾಡುವುದೂ ಇದೆ. ಇದನ್ನು ತಡೆಯಲು ಫ್ರಾನ್ಸ್ 2020ರಲ್ಲೇ ಕಾನೂನು ತಂದಿತು, ಮಾರಾಟವಾಗದ ಸಾಮಾನನ್ನು ನಾಶ ಮಾಡುವಂತಿಲ್ಲ ಎಂದು. ಯುರೋಪಿಯನ್ ಒಕ್ಕೂಟವೂ ದೊಡ್ಡ ಕಂಪನಿಗಳು ಮಾರಾಟವಾಗದ ಬಟ್ಟೆ, ಚಪ್ಪಲಿಯನ್ನು 2026ರ ಜುಲೈನಿಂದ ನಾಶ ಮಾಡಬಾರದು ಅಂತ ನಿಯಮ ಮಾಡಿದೆ. ನಮ್ಮಲ್ಲೂ ಇಂಥದ್ದೊಂದು ಬೇಕು.

ಕೆಟ್ಟ ಸಾಮಾನು ಬಂದರೆ ವಾಪಸ್ ಕಳಿಸುವುದು ಗಿರಾಕಿಯ ಹಕ್ಕು. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳು ಅದನ್ನು ಸ್ಪಷ್ಟವಾಗಿ ಹೇಳಿವೆ, ಅದು ಹಾಗೇ ಉಳಿಯಬೇಕು. ನಾನು ಹೇಳುತ್ತಿರುವುದು ಸುಮ್ನೆ ತರಿಸಿ ನೋಡುವ ಆರ್ಡರ್‌ಗಳ ಬಗ್ಗೆ. ಬಟ್ಟೆ ಮಾರುವ ಜಾರಾ ಕಂಪನಿ 2022ರಲ್ಲಿ ಬ್ರಿಟನ್ನಿನಲ್ಲಿ, ಆನ್‌ಲೈನ್‌ನಲ್ಲಿ ಕೊಂಡದ್ದನ್ನು ಕೊರಿಯರ್ ಮೂಲಕ ವಾಪಸ್ ಕಳಿಸಿದರೆ ಶುಲ್ಕ ಅಂದಿತು, ಅಂಗಡಿಗೇ ತಂದುಕೊಟ್ಟರೆ ಶುಲ್ಕ ಇಲ್ಲ. ಮೀಶೋದಲ್ಲಿ ತಪ್ಪು ಅಥವಾ ಕೆಟ್ಟ ಸಾಮಾನು ಬಂದರೆ ಮಾತ್ರ ವಾಪಸ್ ಅನ್ನುವ ಆಯ್ಕೆ ತೆಗೆದುಕೊಂಡರೆ ಅದೇ ವಸ್ತುವಿಗೆ ಬೆಲೆ ಸ್ವಲ್ಪ ಕಡಿಮೆ ತೋರಿಸುತ್ತದೆ. ನನಗೆ ಈ ದಾರಿ ಹಿಡಿಸುತ್ತದೆ. ರಿಟರ್ನ್ ಯಾವತ್ತೂ ಉಚಿತ ಆಗಿರಲಿಲ್ಲ, ಅದರ ಖರ್ಚು ಎಲ್ಲರ ಬೆಲೆಯಲ್ಲಿ ಅಡಗಿ ಕೂತಿತ್ತು. ಈಗ ಅದು ಕಣ್ಣಿಗೆ ಕಾಣುತ್ತದೆ.

ಡಬ್ಬಿ, ಕವರುಗಳ ಕಥೆ ಇದಕ್ಕಿಂತ ಸ್ವಲ್ಪ ಮುಂದಿದೆ. 2019ರಲ್ಲಿ ಹದಿಹರೆಯದ ಹುಡುಗನೊಬ್ಬ, ಆನ್‌ಲೈನ್ ಕಂಪನಿಗಳು ಬೇಕಾಬಿಟ್ಟಿ ಪ್ಲಾಸ್ಟಿಕ್ ಸುತ್ತುತ್ತಿವೆ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ದೂರು ಕೊಟ್ಟ. ಅದೇ ವರ್ಷ ಅಮೆಜಾನ್, ಫ್ಲಿಪ್‌ಕಾರ್ಟ್ ಎರಡೂ ತಮ್ಮ ಗೋದಾಮುಗಳಲ್ಲಿ ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ಬಿಡುತ್ತೇವೆ ಎಂದವು, ಕಾಗದದ ಟೇಪು, ಚೂರು ಕಾಗದ ಬಂದವು. 2022ರಲ್ಲಿ ಪ್ಯಾಕಿಂಗ್ ಪ್ಲಾಸ್ಟಿಕ್ ಬಳಸುವವರೇ ಅದನ್ನು ಮತ್ತೆ ಸಂಗ್ರಹಿಸುವ ಹೊಣೆ ಹೊರಬೇಕು ಅನ್ನುವ ಮಾರ್ಗಸೂಚಿಯೂ ಬಂತು. ಕೊರತೆ ಉಳಿದಿರುವುದು ಮಾರಾಟಗಾರರೇ ನೇರವಾಗಿ ಕಳಿಸುವ ಪಾರ್ಸೆಲ್‌ಗಳಲ್ಲಿ. ಬಟ್ಟೆ ಹೆಚ್ಚಾಗಿ ಬರುವುದು ಅಂಟು ಹಚ್ಚಿದ ತೆಳು ಪ್ಲಾಸ್ಟಿಕ್ ಕವರಿನಲ್ಲಿ, ಒಳಗೆ ಇನ್ನೊಂದು ಕವರು. ರಟ್ಟಿನ ಡಬ್ಬಿಯನ್ನು ಗುಜರಿಯವರು ಕೆಜಿ ಲೆಕ್ಕದಲ್ಲಿ ಕೊಳ್ಳುತ್ತಾರೆ. ಲೇಬಲ್ ಅಂಟಿದ ಈ ಕವರನ್ನು ಯಾರೂ ಕೊಳ್ಳುವುದಿಲ್ಲ. ಅದು ಪಾಲಿಕೆಯ ಕಸದ ಗಾಡಿ ಹತ್ತುತ್ತದೆ, ಇಲ್ಲವೇ ಖಾಲಿ ಸೈಟಿನಲ್ಲಿ ಸುಡುತ್ತಾರೆ.

ಗಾಡಿಗಳ ವಿಷಯಕ್ಕೆ ಬಂದರೆ, ಎಲೆಕ್ಟ್ರಿಕ್ ವಾಹನಕ್ಕೆ ಅಂತಲೇ ನೀತಿ ಮಾಡಿದ ಮೊದಲ ರಾಜ್ಯ ನಮ್ಮದು, 2017ರಲ್ಲಿ. ಫ್ಲಿಪ್‌ಕಾರ್ಟ್ 2030ರೊಳಗೆ ಡೆಲಿವರಿ ಗಾಡಿಗಳನ್ನೆಲ್ಲ ಎಲೆಕ್ಟ್ರಿಕ್ ಮಾಡುತ್ತೇನೆ ಎಂದಿದೆ, ಅಮೆಜಾನ್ 2025ರೊಳಗೆ ಭಾರತದಲ್ಲಿ 10,000 ಎಲೆಕ್ಟ್ರಿಕ್ ಗಾಡಿ ಇಳಿಸುತ್ತೇನೆ ಎಂದಿತ್ತು. ದಾವಣಗೆರೆಗೆ ಇದು ಹೇಳಿ ಮಾಡಿಸಿದಂತಿದೆ. ಊರು ಹೆಚ್ಚುಕಡಿಮೆ ಸಮತಟ್ಟು, ದಿನದ ಸುತ್ತಾಟ ಒಂದು ಚಾರ್ಜಿನಲ್ಲಿ ಮುಗಿಯುವಷ್ಟು. ಪಕ್ಕದ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ, ಎರಡೂ ಊರಿಗೆ ಕರೆಂಟ್ ಕೊಡುವ ಬೆಸ್ಕಾಂ ಒಂದೇ. ಆದರೆ ಇಲ್ಲಿ ಬಹಳಷ್ಟು ಹುಡುಗರು ಓಡಿಸುವುದು ಸ್ವಂತ ಬೈಕು, ಹಾಕಿಸುವುದು ಸ್ವಂತ ಪೆಟ್ರೋಲು. ಕಂಪನಿಯ ಹಸಿರು ಗುರಿಗೆ ಇವರು ಸಾಲ ಮಾಡಿ ಗಾಡಿ ಬದಲಾಯಿಸಬೇಕು ಅನ್ನುವುದು ಅನ್ಯಾಯ. ಪಾರ್ಸೆಲ್ ಹಂಚಿಕೆಯಾಗುವ ಹಬ್‌ನಲ್ಲೇ ಬಾಡಿಗೆಗೆ ಗಾಡಿ, ಅಲ್ಲೇ ಚಾರ್ಜಿಂಗ್ ಸಿಗುವಂತಾಗಬೇಕು.

ಗಾಡಿ ಬದಲಾಯಿಸುವ ಮೊದಲೇ ಮಾಡಬಹುದಾದ ಕೆಲಸ ಇನ್ನೊಂದಿದೆ, ಸುತ್ತು ಕಡಿಮೆ ಮಾಡುವುದು. ಜರ್ಮನಿಯಲ್ಲಿ ಡಿ.ಎಚ್.ಎಲ್. ಕೊರಿಯರ್ ಕಂಪನಿ 2001ರಲ್ಲೇ ಪಾರ್ಸೆಲ್ ಪೆಟ್ಟಿಗೆಗಳನ್ನು ಇಟ್ಟಿತು, ಜನ ಬಿಡುವಾದಾಗ ಬಂದು ತೆಗೆದುಕೊಂಡು ಹೋಗುತ್ತಾರೆ, ವಾಪಸ್ ಕಳಿಸುವುದನ್ನೂ ಅಲ್ಲೇ ಹಾಕುತ್ತಾರೆ. ನಮ್ಮಲ್ಲಿ ಅಮೆಜಾನ್ 2015ರಲ್ಲಿ ಕಿರಾಣಿ ಅಂಗಡಿಗಳನ್ನು ಸೇರಿಸಿಕೊಂಡು ಸುತ್ತಲಿನ ಎರಡು ನಾಲ್ಕು ಕಿಲೋಮೀಟರಿನ ಪಾರ್ಸೆಲ್‌ಗಳನ್ನು ಅವರಿಗೇ ಒಪ್ಪಿಸುವ ಯೋಜನೆ ತಂದಿತು. ಬಸ್ಸಿನಲ್ಲಿ ಪಾರ್ಸೆಲ್ ಸಾಗಿಸುವ ಕೆ.ಎಸ್.ಆರ್.ಟಿ.ಸಿ.ಯ ‘ನಮ್ಮ ಕಾರ್ಗೋ’ 2021ರಿಂದ ಇದೆ. ಹೇಗೂ ಬೆಂಗಳೂರಿನಿಂದ ಬರುವ ಬಸ್ಸಿನಲ್ಲಿ ಸಾಮಾನೂ ಬಂದರೆ ಅದಕ್ಕೆ ಅಂತ ಬೇರೆ ಡೀಸೆಲ್ ಎಷ್ಟು ಸುಡುತ್ತದೆ? ವಿಳಾಸದ ಗೋಳೂ ಸಣ್ಣದಲ್ಲ. ಗಣಪತಿ ದೇವಸ್ಥಾನದ ಹಿಂದೆ, ನೀರಿನ ಟ್ಯಾಂಕ್ ಹತ್ತಿರ ಅಂತ ಬರೆದರೆ ಹೊಸ ಹುಡುಗ ಮೂರು ಅಡ್ಡರಸ್ತೆ ಸುತ್ತುತ್ತಾನೆ. ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ದೇಶವನ್ನೆಲ್ಲ ನಾಲ್ಕು ಮೀಟರ್ ಚೌಕಗಳಾಗಿ ಹಂಚಿ ಹತ್ತು ಅಕ್ಷರದ ಗುರುತು ಕೊಡುತ್ತದೆ, ಇದನ್ನು ಆಪ್‌ಗಳು ಬಳಸಿಕೊಂಡರೆ ಆ ಸುತ್ತಾಟ ಉಳಿಯುತ್ತದೆ.

ಇಲ್ಲಿ ಎಲ್ಲಿಂದ ಶುರುಮಾಡಬೇಕು ಅಂತ ಕೇಳಿದರೆ ನಾನು ಹಾಸ್ಟೆಲ್‌ಗಳನ್ನು ತೋರಿಸುತ್ತೇನೆ. ಮೆಡಿಕಲ್, ಡೆಂಟಲ್, ಇಂಜಿನಿಯರಿಂಗ್ ಕಾಲೇಜುಗಳ ಊರು ಇದು. ಮಕ್ಕಳು ಕ್ಲಾಸಿನಲ್ಲಿರುವ ಹೊತ್ತಿಗೇ ಪಾರ್ಸೆಲ್ ಬರುತ್ತದೆ, ಡೆಲಿವರಿ ಹುಡುಗ ಗೇಟಿನಲ್ಲಿ ನಿಂತು ಫೋನ್ ಮೇಲೆ ಫೋನ್ ಮಾಡುತ್ತಾನೆ. ಕಾಲೇಜಿನ ಗೇಟಿನ ಬಳಿ ಎಲ್ಲ ಕಂಪನಿಗಳಿಗೂ ಸೇರಿ ಒಂದು ಕೋಣೆ, ಸಂಜೆ ತನಕ ತೆರೆದಿದ್ದರೆ ಸಾಕು. ಬಡಾವಣೆಗಳಲ್ಲಿ ಅದೇ ಕೆಲಸವನ್ನು ಕಿರಾಣಿ ಅಂಗಡಿ ಮಾಡಬಹುದು, ಪಾರ್ಸೆಲ್‌ಗೆ ಇಷ್ಟು ಅಂತ ಅವರಿಗೂ ನಾಲ್ಕು ಕಾಸು. ಬಟ್ಟೆಯನ್ನು ಅಲ್ಲೇ ಹಾಕಿ ನೋಡಿ ಅಲ್ಲೇ ವಾಪಸ್ ಕೊಡಲು ಒಂದು ಮರೆ, ಒಂದು ಕನ್ನಡಿ ಇದ್ದರೆ ಮನೆಯಿಂದ ರಿಟರ್ನ್ ತೆಗೆದುಕೊಳ್ಳುವ ಒಂದು ಸುತ್ತೂ ತಪ್ಪುತ್ತದೆ.

ಕಂಪನಿಗಳು ಇದಕ್ಕೆ ಯಾಕೆ ಮುಂದೆ ಬರುತ್ತಿಲ್ಲ ಅಂದರೆ, ವ್ಯರ್ಥ ಸುತ್ತಿನ ಖರ್ಚು ಪೂರ್ತಿ ಅವರ ಮೇಲೆ ಬೀಳುವುದಿಲ್ಲ. ಸಾಮಾನ್ಯವಾಗಿ ಹುಡುಗರಿಗೆ ದುಡ್ಡು ಸಿಗುವುದು ಕೊಟ್ಟು ಬಂದ ಪಾರ್ಸೆಲ್‌ಗೆ ಮಾತ್ರ. ಮನೆಗೆ ಬೀಗ ಇದ್ದರೆ ಪೆಟ್ರೋಲ್ ಅವರದ್ದು, ಹೊಗೆ ಊರಿನದ್ದು. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ, ಅಂದರೆ ಆಪ್ ಮೂಲಕ ಬಿಡಿ ಕೆಲಸ ಮಾಡುವ ಇಂಥವರ, ಸಾಮಾಜಿಕ ಭದ್ರತೆಗೆ ಕಾಯ್ದೆ ಮಾಡಿದೆ, ಅವರಿಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಕಂಪನಿಗಳು ಕಟ್ಟಬೇಕು. ಇದಕ್ಕೆ ಇನ್ನೊಂದು ಸಾಲು ಸೇರಲಿ: ಹೋಗಿ ಬಂದ ಪ್ರತಿ ಸುತ್ತಿಗೂ, ಬಾಗಿಲು ತೆರೆಯದ ಸುತ್ತಿಗೂ ಕೂಲಿ ಕೊಡಬೇಕು. ಆ ನಿಯಮ ಬಂದ ತಿಂಗಳೇ ಕಂಪನಿಯವರು ನಮ್ಮೂರ ವಿದ್ಯಾನಗರದ ಕಿರಾಣಿ ಅಂಗಡಿಗಳಿಗೆ ತಾವಾಗಿ ಬಂದು, ನಮ್ಮ ಪಾರ್ಸೆಲ್ ಇಟ್ಟುಕೊಳ್ಳುತ್ತೀರಾ ಅಂತ ಕೇಳುತ್ತಾರೆ.