ಸ್ಕ್ಯಾನ್‌ನಲ್ಲಿ ಕಾಣದ ಸೊಂಟನೋವಿನ ಹುಡುಕಾಟ

ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವಿಲಿಯಂ ಮಿಕ್ಸ್‌ಟರ್ ಮತ್ತು ಜೋಸೆಫ್ ಬಾರ್ 1934ರಲ್ಲಿ ಪ್ರಕಟಿಸಿದ ಪ್ರಬಂಧವೊಂದು, ಬೆನ್ನೆಲುಬಿನ ಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕ್ ಹರಿದು ಹೊರಚಾಚಿ ನರವನ್ನು ಒತ್ತಿದಾಗ ಸೊಂಟದಿಂದ ಕಾಲಿಗೆ ನೋವು ಇಳಿಯುತ್ತದೆಂದೂ, ಶಸ್ತ್ರಚಿಕಿತ್ಸೆಯಿಂದ ಅದನ್ನು ಶಮನಗೊಳಿಸಬಹುದೆಂದೂ ತೋರಿಸಿಕೊಟ್ಟಿತು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕಾಲಿಗೆ ಇಳಿಯುವ ನೋವಿಗೆ ಕೊಟ್ಟ ಆ ವಿವರಣೆಯನ್ನು ಮುಂದಿನ ದಶಕಗಳಲ್ಲಿ ಬಹುತೇಕ ಎಲ್ಲ ಬಗೆಯ ಸೊಂಟನೋವಿಗೂ ಹಿಗ್ಗಿಸಿದ್ದರಿಂದ ತೊಡಕು ಶುರುವಾಯಿತು. ನಮ್ಮ ಊರುಗಳಲ್ಲಿ ಇಂದಿಗೂ ಸಲೀಸಾಗಿ ಕೇಳಿಬರುವ ‘ಡಿಸ್ಕ್ ಜಾರಿದೆ’ ಎಂಬ ಮಾತು ಆ ಕಾಲದ ಬಳುವಳಿ.

ಎಂಆರ್‌ಐ ಬಳಕೆಗೆ ಬಂದಾಗ ಈ ವಿವರಣೆಗೆ ಪುರಾವೆ ಸಿಗಬೇಕಿತ್ತು, ಆದದ್ದು ಬೇರೆ. ಸೊಂಟನೋವೇ ಇಲ್ಲದ 98 ಮಂದಿಯ ಬೆನ್ನೆಲುಬನ್ನು ಸ್ಕ್ಯಾನ್ ಮಾಡಿದ 1994ರ ಅಮೆರಿಕದ ಅಧ್ಯಯನವೊಂದರಲ್ಲಿ ಶೇ 52ರಷ್ಟು ಜನರಿಗೆ ಕನಿಷ್ಠ ಒಂದು ಡಿಸ್ಕ್ ಉಬ್ಬಿತ್ತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ನಡೆಸಿದ ಪರಾಮರ್ಶೆಯ ಪ್ರಕಾರ, ನೋವಿಲ್ಲದ 20 ವರ್ಷದವರಲ್ಲೇ ಶೇ 37ರಷ್ಟು ಮಂದಿಯಲ್ಲಿ ಡಿಸ್ಕ್ ಸವೆತ ಕಾಣುತ್ತದೆ. 80ರ ವಯಸ್ಸಿನವರಲ್ಲಿ ಅದು ಶೇ 96. ಚಿತ್ರದಲ್ಲಿ ಕಂಡದ್ದಕ್ಕೂ ರೋಗಿ ಅನುಭವಿಸುವ ನೋವಿಗೂ ನೇರ ಲೆಕ್ಕ ಕೂಡಿಬರಲಿಲ್ಲ.

ನರವಿಜ್ಞಾನ ಅಷ್ಟರಲ್ಲಾಗಲೇ ಬೇರೊಂದು ದಾರಿ ತೆರೆದಿತ್ತು. ಗಾಯದ ನಂತರ ಬೆನ್ನುಹುರಿಯ ನರಕೋಶಗಳೇ ಹೆಚ್ಚು ಸೂಕ್ಷ್ಮಗೊಂಡು, ಸಣ್ಣ ಪ್ರಚೋದನೆಗೂ ಜೋರಾಗಿ ಪ್ರತಿಕ್ರಿಯಿಸುತ್ತವೆ ಎಂಬುದನ್ನು ಕ್ಲಿಫರ್ಡ್ ವೂಲ್ಫ್ 1983ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದ್ದರು. ಇದು ಸೊಂಟನೋವಿಗೂ ಅನ್ವಯಿಸುತ್ತದೆಯೇ ಎಂದು ನೋಡಲು 2004ರಲ್ಲಿ ಅಮೆರಿಕದ ಸಂಶೋಧಕರು ಆರಿಸಿಕೊಂಡ ಜಾಗ ಸೊಂಟವಲ್ಲ, ಕೈಯ ಹೆಬ್ಬೆರಳಿನ ಉಗುರು. ದೀರ್ಘಕಾಲದ ಸೊಂಟನೋವಿದ್ದವರ, ಮೈತುಂಬ ನೋವು ಕಾಡುವ ಫೈಬ್ರೊಮಯಾಲ್ಜಿಯಾ ಇದ್ದವರ ಮತ್ತು ಆರೋಗ್ಯವಂತರ ಉಗುರಿನ ಮೇಲೆ ಒಂದೇ ಪ್ರಮಾಣದ ಒತ್ತಡ ಹಾಕಿ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ಮೊದಲೆರಡು ಗುಂಪಿನವರಿಗೆ ನೋವು ಹೆಚ್ಚಾಗಿತ್ತು. ನೋವಿಗೆ ಸಂಬಂಧಿಸಿದ ಮಿದುಳಿನ ಭಾಗಗಳೂ ಅವರಲ್ಲೇ ಹೆಚ್ಚು ಚುರುಕಾಗಿದ್ದವು. ಹೆಬ್ಬೆರಳಿನ ನೋವಿಗೆ ಸೊಂಟದ ಡಿಸ್ಕನ್ನು ದೂರುವಂತಿರಲಿಲ್ಲ.

ಗಾಯಗೊಂಡ ಅಂಗಾಂಶದಿಂದ ಬರುವ ನೋವು, ನರಕ್ಕೇ ಹಾನಿಯಾಗಿ ಬರುವ ನೋವು ಎಂಬ ಹಳೆಯ ಎರಡು ವಿಭಾಗಗಳಲ್ಲಿ ಇಂಥವರಿಗೆ ಜಾಗವಿರಲಿಲ್ಲ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 2017ರಲ್ಲಿ ‘ನೋಸಿಪ್ಲಾಸ್ಟಿಕ್’ ಎಂಬ ಮೂರನೆಯ ವಿಭಾಗವನ್ನು ಸೇರಿಸಿ, 2021ರಲ್ಲಿ ಅದನ್ನು ಗುರುತಿಸುವ ಮಾನದಂಡಗಳನ್ನೂ ಪ್ರಕಟಿಸಿತು. ಇಲ್ಲಿ ಕೆಟ್ಟಿರುವುದು ನೋವಿನ ಸಂಕೇತಗಳನ್ನು ನಿಭಾಯಿಸುವ ವ್ಯವಸ್ಥೆ. ನೋವು ಮಾತ್ರ ಉಳಿದ ಎರಡರಷ್ಟೇ ನಿಜ. ಮಾನದಂಡಗಳು ಬಂದ ಮೇಲೂ ‘ಎಲ್ಲಾ ನಿಮ್ಮ ಮನಸ್ಸಿನಲ್ಲೇ ಇರುವುದು’ ಎಂದು ರೋಗಿಯನ್ನು ಸಾಗಹಾಕುವುದು ಅಜ್ಞಾನವಲ್ಲದೆ ಬೇರೇನಲ್ಲ.

ಆದರೆ ವಿಂಗಡಣೆ ಹಾಳೆಯ ಮೇಲಿದ್ದಷ್ಟು ಸುಲಭವಲ್ಲ. ನರಸಂಬಂಧಿ ನೋವಿನ ಮಾದರಿಯೆಂದೇ ಭಾವಿಸಲಾದ ಸಯಾಟಿಕಾಕ್ಕೆ, ಅಂದರೆ ಸೊಂಟದಿಂದ ಕಾಲಿಗೆ ಇಳಿಯುವ ನೋವಿಗೆ, ನರನೋವಿನ ಔಷಧಿಯಾದ ಪ್ರಿಗಾಬಲಿನ್ ಕೊಟ್ಟು ಆಸ್ಟ್ರೇಲಿಯಾದಲ್ಲಿ 209 ಮಂದಿಯ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2017ರಲ್ಲಿ ಹೊರಬಂದಾಗ, ಕಾಲುನೋವನ್ನು ತಗ್ಗಿಸುವುದರಲ್ಲಿ ಅದು ಔಷಧಿಯೇ ಇಲ್ಲದ ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ; ತಲೆಸುತ್ತು ಮಾತ್ರ ಹೆಚ್ಚಿತ್ತು. ಸಯಾಟಿಕಾ ಎಂಬ ಒಂದೇ ಹೆಸರಿನಡಿ ಬೇರೆಬೇರೆ ಕಾರ್ಯವಿಧಾನಗಳ ನೋವು ಬೆರೆತಿರಬಹುದು, ಒಬ್ಬನೇ ರೋಗಿಯಲ್ಲಿ ಎರಡು ಮೂರು ಒಟ್ಟಿಗೇ ಇರಬಹುದು. ಹಾಗಿದ್ದಲ್ಲಿ ಕೆಲವರಿಗಾದ ಲಾಭವೂ ಗುಂಪಿನ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ.

ಇದಕ್ಕಿಂತ ಕಠಿಣವಾದದ್ದು, ನರವ್ಯವಸ್ಥೆಯ ಬದಲಾವಣೆ ನೋವಿಗೆ ಕಾರಣವೋ ಪರಿಣಾಮವೋ ಎಂಬ ಪ್ರಶ್ನೆ. ಉಗುರಿನ ಪರೀಕ್ಷೆ ಒಂದೇ ಸಲದ ಅಳತೆಯಾದ್ದರಿಂದ ಅದನ್ನು ಹೇಳಲಾರದು. ಷಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡವೊಂದು ಸೊಂಟನೋವು ಶುರುವಾಗಿ ಕೆಲವೇ ವಾರಗಳಾಗಿದ್ದವರನ್ನು ಒಂದು ವರ್ಷ ಹಿಂಬಾಲಿಸಿ 2012ರಲ್ಲಿ ವರದಿ ಮಾಡಿದಂತೆ, ಮಿದುಳಿನ ಮುಂಭಾಗಕ್ಕೂ ಪ್ರೇರಣೆಗೆ ಸಂಬಂಧಿಸಿದ ಒಳಭಾಗವೊಂದಕ್ಕೂ ನಡುವಿನ ಸಂಪರ್ಕ ಆರಂಭದಲ್ಲೇ ಬಲವಾಗಿದ್ದವರಲ್ಲಿ ನೋವು ಉಳಿದುಕೊಳ್ಳುವ ಸಂಭವ ಹೆಚ್ಚಿತ್ತು. ಆ ಸಂಪರ್ಕ ನೋವಿಗೂ ಮೊದಲೇ ಇತ್ತೇ ಎಂದು ತಿಳಿಯಬೇಕಾದರೆ, ಸೊಂಟ ಹಿಡಿದುಕೊಳ್ಳುವ ಮುನ್ನವೇ ಜನರನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳಬೇಕಾಗುತ್ತದೆ.