ಬ್ರೀಚ್: ಕೂಸು ಉಲ್ಟಾ ಇದೆ ಅಂದರೆ ಏನು?

ಎಂಟನೇ ತಿಂಗಳಲ್ಲಿ ನನ್ನ ತಂಗಿಯ ಸ್ಕ್ಯಾನ್ ಆಯಿತು. ಕಲಬುರಗಿಯ ಸ್ಕ್ಯಾನಿಂಗ್ ಸೆಂಟರ್‌ನಿಂದ ಹೊರಗೆ ಬಂದವಳು ರಿಪೋರ್ಟಿನ ಒಂದೇ ಪದದ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಳು. ಬ್ರೀಚ್. ಒಳಗೆ "ಕೂಸು ಉಲ್ಟಾ ಅದ" ಅಂದಿದ್ದರಂತೆ, ಅಷ್ಟೇ. ಆಟೋದಲ್ಲಿ ಕೂತ ಕೂಡಲೇ ಅವ್ವ ಶುರು ಮಾಡಿದಳು: "ತುಂಬಿದ ಕೊಡ ಎತ್ತಬ್ಯಾಡ ಅಂತ ಎಷ್ಟ್ ಸಲ ಹೇಳೀನಿ ನಿನಗ!" ತಂಗಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ತಾನೇನೋ ತಪ್ಪು ಮಾಡಿದ್ದೇನೆ ಅಂತ ಅವಳಿಗೂ ಅನಿಸಿಬಿಟ್ಟಿತ್ತು.

ಆ ಪದದ ಅರ್ಥ ಅವತ್ತೇ ಯಾರಾದರೂ ಬಿಡಿಸಿ ಹೇಳಿದ್ದರೆ ಅವಳ ಒಂದು ತಿಂಗಳ ನಿದ್ದೆ ಉಳಿಯುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬ್ರೀಚ್ ಅನ್ನುವುದು ಕೂಸು ಹೊಟ್ಟೆಯಲ್ಲಿ ಇರುವ ಭಂಗಿಯ ಹೆಸರು. ಇಂಗ್ಲಿಷಿನಲ್ಲಿ ಆ ಪದಕ್ಕೆ ಕುಂಡಿ ಎಂದೇ ಅರ್ಥ. ಸಾಮಾನ್ಯವಾಗಿ ದಿನ ತುಂಬುವ ಹೊತ್ತಿಗೆ ಕೂಸಿನ ತಲೆ ಕೆಳಗೆ, ಕುಂಡಿ ಮೇಲೆ ಇರುತ್ತದೆ. ಬ್ರೀಚ್‌ನಲ್ಲಿ ಕೂಸು ಕೂತಿರುತ್ತದೆ: ತಲೆ ಅವ್ವನ ಪಕ್ಕೆಲುಬಿನ ಹತ್ತಿರ, ಕುಂಡಿಯೋ ಕಾಲೋ ಕೆಳಗೆ. ಅಡ್ಡಡ್ಡ ಮಲಗಿದ್ದರೆ ಅದು ಬೇರೆ, ಅದಕ್ಕೆ ಬ್ರೀಚ್ ಅನ್ನುವುದಿಲ್ಲ.

ನಮ್ಮ ಕನ್ನಡದಲ್ಲಿ ಇದಕ್ಕೆ ಹಳೆಯ ಮಾತುಗಳಿವೆ. ಎದುರುಗಾಲಲ್ಲಿ ಹುಟ್ಟಿದವನು, ಕಾಲು ಮುಂದಾಗಿ ಹುಟ್ಟಿದವಳು ಅನ್ನುತ್ತೇವೆ. ಬೀದರ್ ಕಡೆ ಮರಾಠಿ ಮಾತಾಡುವ ಮನೆಗಳಲ್ಲಿ ಅಂಥವರನ್ನು ಪಾಯಾಳು ಅಂತ ಕರೆಯುತ್ತಾರೆ. ಸೊಂಟ ಹಿಡಿದರೆ ಅಂಥವರಿಂದ ಕಾಲು ಮುಟ್ಟಿಸಿಕೊಂಡರೆ ಬಿಡುತ್ತದೆ ಎಂಬ ನಂಬಿಕೆ ಊರೂರಲ್ಲಿ ಇದೆ. ಆದರೆ ಈ ಪದಗಳಲ್ಲಿ ಒಂದು ತೊಡಕಿದೆ. ಬ್ರೀಚ್ ಕೂಸುಗಳಲ್ಲಿ ಹೆಚ್ಚಿನವುಗಳ ಕಾಲು ಮುಂದೆ ಇರುವುದೇ ಇಲ್ಲ. ಕುಂಡಿ ಕೆಳಗಿಟ್ಟು, ಎರಡೂ ಕಾಲನ್ನು ನೆಟ್ಟಗೆ ಮೇಲಕ್ಕೆ ಚಾಚಿ, ಪಾದ ಮುಖದ ಹತ್ತಿರ ಇಟ್ಟುಕೊಂಡಿರುತ್ತವೆ. ಇನ್ನು ಕೆಲವು ಚಕ್ಕಳಮಕ್ಕಳ ಹಾಕಿ ಕೂತಿರುತ್ತವೆ. ಒಂದು ಕಾಲೋ ಎರಡೋ ನಿಜವಾಗಿಯೂ ಕೆಳಗೆ ಇಳಿಬಿಟ್ಟಿರುವುದು ಮೂರನೇ ಬಗೆ. ಹೆರಿಗೆ ಹೇಗೆ ಅನ್ನುವ ಮಾತು ಬಂದಾಗ ಈ ಮೂರರಲ್ಲಿ ಯಾವುದು ಅನ್ನುವುದೇ ದೊಡ್ಡ ಪ್ರಶ್ನೆ. ರಿಪೋರ್ಟಿನಲ್ಲಿ ಬರೀ ಬ್ರೀಚ್ ಅಂತಿದ್ದರೆ, "ಕಾಲು ಹೆಂಗ ಅದಾವ್ರಿ?" ಅಂತ ಕೇಳಿ.

ಕೊಡ ಎತ್ತಿದ್ದಕ್ಕೆ ಹೀಗೆ ಆಗುವುದಿಲ್ಲ. ಇದನ್ನು ಅವ್ವಂದಿರು, ಅತ್ತೆಯಂದಿರು ದಯವಿಟ್ಟು ಕೇಳಿಸಿಕೊಳ್ಳಬೇಕು. 28 ವಾರದ ಹೊತ್ತಿಗೆ ನಾಲ್ಕೈದು ಕೂಸುಗಳಲ್ಲಿ ಒಂದು ಹೀಗೇ ಕೂತಿರುತ್ತದೆ. ಆಮೇಲೆ ತಾನೇ ತಿರುಗುತ್ತದೆ. ದಿನ ತುಂಬುವಾಗ ನೂರಕ್ಕೆ ಮೂರೋ ನಾಲ್ಕೋ ಮಾತ್ರ ಹಾಗೇ ಉಳಿಯುತ್ತವೆ. ಮಾಸು ಕೆಳಗೆ ಇದ್ದರೆ, ಗರ್ಭಚೀಲದ ಆಕಾರ ಬೇರೆ ಇದ್ದರೆ, ಅದರಲ್ಲಿ ಗಡ್ಡೆ ಇದ್ದರೆ, ನೀರು ತೀರಾ ಕಡಿಮೆ ಅಥವಾ ಜಾಸ್ತಿ ಇದ್ದರೆ, ಅವಳಿ ಇದ್ದರೆ ಹೀಗೆ ಆಗಬಹುದು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಮನೆತನದಲ್ಲೂ ಸ್ವಲ್ಪ ಬರುತ್ತದೆ. ನಾರ್ವೆ ದೇಶದ ಹೆರಿಗೆ ದಾಖಲೆಗಳಲ್ಲಿ ನೋಡಿದಾಗ, ಅವ್ವನೇ ಆಗಲಿ ಅಪ್ಪನೇ ಆಗಲಿ ಬ್ರೀಚ್ ಆಗಿ ಹುಟ್ಟಿದ್ದರೆ ಮೊದಲ ಕೂಸೂ ಹಾಗಿರುವ ಸಾಧ್ಯತೆ ಸುಮಾರು ಎರಡು ಪಟ್ಟು ಕಂಡಿತು. ಅಪ್ಪನ ಕಡೆಯಿಂದಲೂ ಬರುತ್ತದೆ, ನೋಡಿ! ಬೈಗುಳ ಮಾತ್ರ ಬಸುರಿಗೇ ಬೀಳುತ್ತದೆ.

ಹಾಗಾಗಿ 32 ವಾರದ ಬ್ರೀಚ್‌ಗೂ 37 ವಾರದ ಬ್ರೀಚ್‌ಗೂ ತುಂಬಾ ವ್ಯತ್ಯಾಸ ಇದೆ. ಮೊದಲನೆಯದಕ್ಕೆ ಕಾಯಬೇಕು. ಎರಡನೆಯದಕ್ಕೆ ಯೋಚನೆ ಮಾಡಬೇಕು. 36ನೇ ವಾರಕ್ಕೆ ಹೊಟ್ಟೆ ಮುಟ್ಟಿ ನೋಡುವ ಸಿಸ್ಟರ್‌ಗೆ ಇದು ಕೈಗೇ ಗೊತ್ತಾಗುತ್ತದೆ. ನಮ್ಮ ತಂಗಿಯ ಹೊಟ್ಟೆಯ ಮೇಲ್ಭಾಗದಲ್ಲಿ ಎರಡೂ ಅಂಗೈ ಇಟ್ಟು ಅವರು ಮೆಲ್ಲಗೆ ಒತ್ತಿದರು. ಒಂದು ಗಟ್ಟಿ ಗುಂಡು ಆಚೆ ಹೋಗಿ ಈಚೆ ಬಂತು. "ನೋಡ್ರಿ, ಇದ ತಲಿ" ಅಂದರು. ನನ್ನ ಕೈಯನ್ನೂ ಹಿಡಿದು ಅಲ್ಲಿ ಇಡಿಸಿದರು. ಕುಂಡಿ ಆಗಿದ್ದರೆ ಮೆತ್ತಗಿರುತ್ತದೆ, ಹಾಗೆ ಆಡುವುದಿಲ್ಲ. ಎದೆಬಡಿತವೂ ಹೊಕ್ಕಳಿನ ಮೇಲ್ಗಡೆ ಕೇಳಿಸಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ನೇ ತಾರೀಖು ಬಸುರಿಯರನ್ನು ಡಾಕ್ಟರೇ ಪುಕ್ಕಟೆ ನೋಡುತ್ತಾರೆ. ಕೊನೆಯ ಎರಡು ತಿಂಗಳು ಆ ದಿನವನ್ನು ತಪ್ಪಿಸಬೇಡಿ. ಏನು ಕಂಡಿತು ಅನ್ನುವುದನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಭಯ ಯಾಕೆ ಅಂತ ಕೇಳಬಹುದು. ಕೂಸಿನ ಮೈಯಲ್ಲಿ ದೊಡ್ಡದೂ ಗಟ್ಟಿಯೂ ಆದದ್ದು ತಲೆ. ಅದು ಮುಂದೆ ಬಂದರೆ ತಾಸುಗಟ್ಟಲೆ ಮೆಲ್ಲಗೆ ದಾರಿ ಮಾಡಿಕೊಳ್ಳುತ್ತದೆ, ಹಿಂದಿನದೆಲ್ಲ ಜಾರಿ ಬರುತ್ತದೆ. ಬ್ರೀಚ್‌ನಲ್ಲಿ ಮೈ ಮೊದಲು ಬಂದು ತಲೆ ಕೊನೆಗೆ ಉಳಿಯುತ್ತದೆ. ಆಗ ಹೊಕ್ಕಳುಬಳ್ಳಿ ಒತ್ತಿಕೊಂಡಿರುತ್ತದೆ, ಕೈಯಲ್ಲಿ ಇರುವುದು ಕೆಲವೇ ನಿಮಿಷ. ಕಾಲು ಕೆಳಗೆ ಇಳಿಬಿಟ್ಟ ಬಗೆಯಲ್ಲಿ ಇನ್ನೊಂದು ಅಪಾಯ ಇದೆ. ಕೆಳಗೆ ಬಿರಡೆ ಹಾಕಿದ ಹಾಗೆ ತಲೆಯಾಗಲಿ ಕುಂಡಿಯಾಗಲಿ ಕೂತಿರುವುದಿಲ್ಲ, ಹಾಗಾಗಿ ನೀರು ಒಡೆದಾಗ ಬಳ್ಳಿಯೇ ಮೊದಲು ಜಾರಿಬಿಡಬಹುದು.

"ನಮ್ಮ ಕಾಲದಾಗ ಸೂಲಗಿತ್ತಿ ಕೈಯಾಗ ಹಂಗೇ ಆಗ್ತಿದ್ವು" ಅಂತ ನಮ್ಮ ಅಜ್ಜಿ ಹೇಳುತ್ತಾಳೆ. ನಿಜ, ಆಗುತ್ತಿದ್ದವು. ಊರಲ್ಲಿ ಸೊಂಟಕ್ಕೆ ಕಾಲು ಮುಟ್ಟಿಸುವವರು ಇದ್ದಾರಲ್ಲ, ಅವರೇ ಸಾಕ್ಷಿ. ಆದರೆ ಉಳಿದವರು ಮಾತ್ರ ನಮ್ಮ ಕಣ್ಣಿಗೆ ಕಾಣುತ್ತಾರೆ. ಉಳಿಯದ ಕೂಸುಗಳ ಮಾತನ್ನು ಯಾರೂ ಎತ್ತುವುದಿಲ್ಲ. ಅಜ್ಜಿಯನ್ನು ಒಂದು ದಿನ ಒಬ್ಬಳೇ ಇದ್ದಾಗ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ತನ್ನ ಎರಡನೇ ಕೂಸಿನ ಬಗ್ಗೆ ಹೇಳಿದಳು. ನಾನು ಅದನ್ನು ಅಲ್ಲಿಯವರೆಗೆ ಕೇಳಿರಲೇ ಇಲ್ಲ.

ದಿನ ತುಂಬುತ್ತಾ ಬಂದರೂ ಕೂಸು ತಿರುಗದಿದ್ದರೆ ಮೂರು ದಾರಿ ಇವೆ. ಮೊದಲನೆಯದು, ಹೊರಗಿನಿಂದ ಕೈಯಲ್ಲಿ ತಿರುಗಿಸುವುದು. ಡಾಕ್ಟರುಗಳು ಇ.ಸಿ.ವಿ. ಅನ್ನುತ್ತಾರೆ. 36–37ನೇ ವಾರದಲ್ಲಿ ಸ್ಕ್ಯಾನ್ ಮಾಡಿ, ಕೂಸಿನ ಎದೆಬಡಿತ ನೋಡಿ, ಗರ್ಭಚೀಲ ಸಡಿಲ ಆಗಲು ಬೇಕಾದರೆ ಇಂಜೆಕ್ಷನ್ ಕೊಡುತ್ತಾರೆ. ಆಮೇಲೆ ಒಂದು ಕೈಯಲ್ಲಿ ಕುಂಡಿಯನ್ನು ಮೇಲಕ್ಕೆತ್ತಿ, ಇನ್ನೊಂದರಲ್ಲಿ ತಲೆಯನ್ನು ಕೆಳಗೆ ನಡೆಸುತ್ತಾ ಕೂಸನ್ನು ಲಾಗ ಹಾಕಿಸುತ್ತಾರೆ. ಕೆಲವೇ ನಿಮಿಷದ ಕೆಲಸ. ಹೊಟ್ಟೆ ಬಿಗಿಯುತ್ತದೆ, ಕೆಲವರಿಗೆ ನೋವಾಗುತ್ತದೆ. ಸುಮಾರು ಅರ್ಧದಷ್ಟು ಸಲ ಕೂಸು ತಿರುಗುತ್ತದೆ. ಮೊದಲೇ ಹೆತ್ತವರಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಇದರಿಂದ ಅವಸರದ ಆಪರೇಷನ್ ಬೇಕಾಗುವುದು 200ಕ್ಕೆ ಒಬ್ಬರಿಗೆ. ಅದಕ್ಕೇ ಆಪರೇಷನ್ ಥಿಯೇಟರ್ ಪಕ್ಕದಲ್ಲೇ ಇರುವ ಕಡೆ ಮಾತ್ರ ಮಾಡಬೇಕು. ರಕ್ತದ ಗುಂಪು ನೆಗೆಟಿವ್ ಇದ್ದರೆ ಆ್ಯಂಟಿ-ಡಿ ಇಂಜೆಕ್ಷನ್ ಬಗ್ಗೆ ಮರೆಯದೆ ಕೇಳಿ. ಮಾಸು ಅಡ್ಡ ಇದ್ದರೆ, ರಕ್ತ ಹೋಗುತ್ತಿದ್ದರೆ ಇದು ಬೇಡ. ಮನೆಯಲ್ಲಿ ಎಣ್ಣೆ ಹಚ್ಚಿ ಹೊಟ್ಟೆ ನೀವಿ ತಿರುಗಿಸುವುದಂತೂ ಬೇಡವೇ ಬೇಡ. ಒಳಗೆ ಮಾಸು ಬಿಟ್ಟುಕೊಂಡರೆ ಕೈಯಿಟ್ಟವರಿಗೆ ಗೊತ್ತೇ ಆಗುವುದಿಲ್ಲ. ಮೊಣಕಾಲೂರಿ ಎದೆ ಹಾಸಿಗೆಗೆ ತಾಗಿಸಿ ಮಲಗಿದರೆ ತಿರುಗುತ್ತದೆ ಅಂತಾರೆ. ಅದರಿಂದ ತಿರುಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ.

ಎರಡನೆಯದು ಮೊದಲೇ ದಿನ ಗೊತ್ತುಮಾಡಿ ಸಿಸೇರಿಯನ್. ಮೂರನೆಯದು ಬ್ರೀಚ್ ಆಗಿಯೇ ಸಹಜ ಹೆರಿಗೆ. ಈ ಎರಡರ ನಡುವಿನ ಜಗ್ಗಾಟಕ್ಕೆ ಒಂದು ಇತಿಹಾಸ ಇದೆ. 2000ನೇ ಇಸವಿಯಲ್ಲಿ 26 ದೇಶಗಳ 2088 ಹೆಂಗಸರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ ಹೊರಬಂತು. ಸಹಜ ಹೆರಿಗೆ ಅಂತ ತೀರ್ಮಾನಿಸಿದವರಲ್ಲಿ ನೂರಕ್ಕೆ 5 ಕೂಸುಗಳಿಗೆ ಸಾವೋ ದೊಡ್ಡ ತೊಂದರೆಯೋ ಆಯಿತು. ಸಿಸೇರಿಯನ್ ಗೊತ್ತುಮಾಡಿದವರಲ್ಲಿ 1.6. ಅಲ್ಲಿಂದ ಜಗತ್ತಿನ ತುಂಬ ಬ್ರೀಚ್ ಅಂದರೆ ಸಿಸೇರಿಯನ್ ಅನ್ನುವಂತಾಯಿತು. 2004ರಲ್ಲಿ ಅದೇ ಅಧ್ಯಯನದ ಮಕ್ಕಳಲ್ಲಿ ಒಂದಿಷ್ಟನ್ನು ಎರಡು ವರ್ಷ ತುಂಬಿದ ಮೇಲೆ ನೋಡಿದರು. ಸಾವಿನಲ್ಲಾಗಲಿ ಬೆಳವಣಿಗೆಯಲ್ಲಾಗಲಿ ಎರಡೂ ಗುಂಪಿಗೆ ವ್ಯತ್ಯಾಸ ಸಿಗಲಿಲ್ಲ. 2006ರಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂನ 8000ಕ್ಕೂ ಹೆಚ್ಚು ಹೆರಿಗೆಗಳನ್ನು ನೋಡಿದಾಗ, ಯಾರಿಗೆ ಸರಿ ಅಂತ ಜಾಗರೂಕತೆಯಿಂದ ಆರಿಸಿದರೆ, ಪಳಗಿದ ಕೈ ಇದ್ದರೆ, ದೊಡ್ಡ ವ್ಯತ್ಯಾಸ ಇಲ್ಲ ಅಂತ ಕಂಡಿತು. ಅಷ್ಟರಲ್ಲಿ ಎಷ್ಟೋ ಆಸ್ಪತ್ರೆಗಳಲ್ಲಿ ಆ ಕೈಗಳೇ ಕಡಿಮೆಯಾಗಿದ್ದವು.

ಬ್ರಿಟನ್ನಿನ ಹೆರಿಗೆ ಡಾಕ್ಟರುಗಳ ಸಂಸ್ಥೆ 2017ರಲ್ಲಿ ಕೊಟ್ಟ ಲೆಕ್ಕ ನನಗೆ ತುಂಬಾ ಸಹಾಯ ಮಾಡಿತು. ಕೂಸು ತೀರಿಕೊಳ್ಳುವ ಅಪಾಯ 39 ವಾರದ ಮೇಲೆ ಸಿಸೇರಿಯನ್ ಮಾಡಿದರೆ 1000ಕ್ಕೆ ಸುಮಾರು 0.5, ತಲೆ ಕೆಳಗಿರುವ ಸಹಜ ಹೆರಿಗೆಗೆ 1, ಬ್ರೀಚ್ ಸಹಜ ಹೆರಿಗೆಗೆ 2. ಅದು ಅಲ್ಲಿಯ ಆಸ್ಪತ್ರೆಗಳ ಲೆಕ್ಕ. ಎಲ್ಲ ಸೌಕರ್ಯ ಇರುವ ಕಡೆ ಬಂದ ಸಂಖ್ಯೆಯನ್ನು ಚಿಂಚೋಳಿಯಿಂದ ಜೀಪಿನಲ್ಲಿ ಬರುವವಳ ಮೇಲೆ ಹಾಗೇ ಹೊಂದಿಸಲು ಆಗುವುದಿಲ್ಲ, ಅಲ್ವಾ?

ಸಿಸೇರಿಯನ್ ಕೂಡ ಬರೀ ಈ ಕೂಸಿನ ಮಾತಲ್ಲ. ಗಾಯ ಮಾಯಬೇಕು. ಗರ್ಭಚೀಲದ ಮೇಲೆ ಕಲೆ ಉಳಿಯುತ್ತದೆ. ಮುಂದಿನ ಬಸುರಿನಲ್ಲಿ ಆ ಕಲೆ ಇರುವಲ್ಲಿ ಗರ್ಭಚೀಲ ಬಿರಿಯುವ ಅಪಾಯ, ಮಾಸು ಅದಕ್ಕೇ ಅಂಟಿಕೊಳ್ಳುವ ಅಪಾಯ ಸ್ವಲ್ಪ ಏರುತ್ತದೆ, ಪ್ರತಿ ಆಪರೇಷನ್ನಿಗೂ ಏರುತ್ತಾ ಹೋಗುತ್ತದೆ. ಇನ್ನೂ ಎರಡು ಮಕ್ಕಳು ಬೇಕು ಅನ್ನುವ, ಯಾದಗಿರಿಯಿಂದ ದೂರದ ಹಳ್ಳಿಯಲ್ಲಿರುವ ಹುಡುಗಿಗೆ ಇದು ಸಣ್ಣ ಮಾತಲ್ಲ. ಹಾಗಂತ ಸಹಜ ಹೆರಿಗೆಯನ್ನು ಎಲ್ಲಿ ಬೇಕಾದರೂ ಆರಿಸಲು ಆಗುವುದಿಲ್ಲ. ಕಾಲು ಕೆಳಗಿರಬಾರದು, ಕೂಸಿನ ಕತ್ತು ಹಿಂದಕ್ಕೆ ಬಾಗಿರಬಾರದು, ತೂಕ ತೀರಾ ಕಡಿಮೆ ಇರಬಾರದು, 3.8 ಕೆಜಿಗಿಂತ ಜಾಸ್ತಿ ಇರಬಾರದು. ಬ್ರೀಚ್ ಹೆರಿಗೆ ಮಾಡಿಸಿ ರೂಢಿ ಇರುವವರು ರಾತ್ರಿ ಎರಡಕ್ಕೂ ಇರಬೇಕು, ಥಿಯೇಟರ್ ತೆರೆದಿರಬೇಕು. "ನೀವು ಇಂಥ ಹೆರಿಗೆ ಎಷ್ಟು ಮಾಡಿಸೀರಿ?" ಅಂತ ಡಾಕ್ಟರನ್ನು ಕೇಳುವುದು ಅಗೌರವ ಅಲ್ಲ. ನನ್ನ ಮನಸ್ಸಿಗೆ ಕೇಳಿದರೆ, ಇದಕ್ಕೆ ನೇರ ಉತ್ತರ ಸಿಗದ ಕಡೆ ಸಿಸೇರಿಯನ್ನೇ ಸರಿ.

ನಮ್ಮ ಕಡೆ ಎಲ್ಲಕ್ಕಿಂತ ಮೊದಲು ತೀರ್ಮಾನ ಆಗಬೇಕಾದ್ದು ಜಾಗ. ತವರಲ್ಲಿ ಹೆರಿಗೆ ಅನ್ನುವ ಪದ್ಧತಿ ಒಳ್ಳೆಯದೇ. ಆದರೆ ತವರು ಎಲ್ಲಿದೆ, ಅಲ್ಲಿಂದ ಸಿಸೇರಿಯನ್ ಮಾಡುವ ಆಸ್ಪತ್ರೆ ಎಷ್ಟು ದೂರ? ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜ್ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್, ಔಷಧಿ, ರಕ್ತ, ಹೋಗಿಬರುವ ಗಾಡಿ ಎಲ್ಲ ಪುಕ್ಕಟೆ. 2011ರಿಂದ ಅದು ಪ್ರತಿ ಬಸುರಿಯ ಹಕ್ಕು. ನೋವು ಶುರುವಾದರೆ ಅಥವಾ ನೀರು ಒಡೆದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ, ಬ್ರೀಚ್ ಅಂತ ಮೊದಲೇ ಹೇಳಿ. ಕೆಳಗೆ ಬಳ್ಳಿ ಕಂಡರೆ ಅಥವಾ ತಾಗಿದರೆ ಅದನ್ನು ಒಳಗೆ ತಳ್ಳಲು ಹೋಗಬೇಡಿ. ಮೊಣಕಾಲೂರಿ, ತಲೆ ತಗ್ಗಿಸಿ, ಸೊಂಟ ಮೇಲೆ ಮಾಡಿಕೊಂಡೇ ಗಾಡಿಗೆ ಕಾಯಬೇಕು.

ತಂಗಿಗೆ ನೀರು ಕಡಿಮೆ ಇತ್ತು. ತಿರುಗಿಸುವುದು ಬೇಡ ಅಂದರು. 39 ವಾರ ತುಂಬಿದ ಮೇಲೆ ಸಿಸೇರಿಯನ್ ಆಯಿತು. ಅವಳು ಕೇಳಬೇಕಾದ್ದನ್ನೆಲ್ಲ ಕೇಳಿ, ತಾನೇ ಒಪ್ಪಿ, ತಾನೇ ಸಹಿ ಹಾಕಿ ಒಳಗೆ ಹೋದಳು.

ಬ್ರೀಚ್ ಆಗಿದ್ದ ಕೂಸಿಗೆ ಹುಟ್ಟಿದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಹೇಗೇ ಹುಟ್ಟಿರಲಿ, ತೊಡೆಯ ಕೀಲು ಸರಿಯಾಗಿ ಕೂತಿದೆಯಾ ಅಂತ ಡಾಕ್ಟರಿಗೆ ತೋರಿಸಬೇಕು, ಸುಮಾರು ಆರು ವಾರಕ್ಕೆ ಸೊಂಟದ ಸ್ಕ್ಯಾನ್ ಮಾಡಿಸಬೇಕು. ಎರೆದ ಮೇಲೆ ಕಾಲನ್ನು ನೆಟ್ಟಗೆ ಎಳೆದು ಬಿಗಿಯಾಗಿ ಸುತ್ತುತ್ತಾರಲ್ಲ, ಅದು ಕೀಲಿಗೆ ಒಳ್ಳೆಯದಲ್ಲ. ಕಾಲು ಅಗಲಿಸಿಕೊಂಡು ಆಡುವಷ್ಟು ಸಡಿಲ ಇರಲಿ. ನಮ್ಮ ಕೂಸನ್ನು ಮೊದಲ ದಿನ ಎರೆದು ಬಟ್ಟೆ ಸುತ್ತಲು ಹೋದಾಗ, ಅವ್ವ ಎಳೆದಷ್ಟೂ ಕಾಲು ಮತ್ತೆ ಮೇಲಕ್ಕೇ ಹೋಗುತ್ತಿದ್ದವು. ಹೊಟ್ಟೆಯಲ್ಲಿ ಹೇಗಿತ್ತೋ ಹಾಗೇ, ಪಾದ ಎರಡೂ ಕಿವಿಯ ಹತ್ತಿರ. "ಬಿಡವ್ವಾ, ಅದಕ್ಕ ಹಂಗೇ ರೂಢಿ ಅದ" ಅಂದಳು ತಂಗಿ, ಮಂಚದ ಮೇಲಿಂದಲೇ.